ಬೆಳಕಿನ ಪಾಲು

ನಮ್ಮ ಮನೆಯಲ್ಲೊಂದು ಕೌದಿ ಇದೆ. ನನ್ನ ಅಜ್ಜಿ ಹೊಲಿದದ್ದು. ಅವಳ ಹಳೆಯ ಸೀರೆ, ತಾತನ ಧೋತರ, ಅಪ್ಪನ ಅಂಗಿ, ನನ್ನ ಲಂಗ, ಎಲ್ಲದರ ತುಂಡುಗಳೂ ಅದರಲ್ಲಿವೆ. ಅವುಗಳ ನಡುವೆ ಅಲ್ಲಲ್ಲಿ ಕೆಂಪು ಬಟ್ಟೆಯ ಚೌಕಗಳು. ಒಂದು ಚೌಕದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ‘ರ್ಮಿ’ ಎಂಬ ಒಂದೇ ಅಕ್ಷರ ಉಳಿದಿದೆ. ಚಿಕ್ಕವಳಿದ್ದಾಗ ಅದನ್ನು ಬೆರಳಿನಿಂದ ಸವರುತ್ತ ಮಲಗುತ್ತಿದ್ದೆ. ಬಟ್ಟೆ ಮೆತ್ತಗಿತ್ತು, ಅಕ್ಷರ ಮಾತ್ರ ಒರಟು.

ಅದು ‘ಕಾರ್ಮಿಕ’ದ ನಡುವಿನ ಅಕ್ಷರ. ಅಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಮೇ ದಿನದ ಮೆರವಣಿಗೆಯಲ್ಲಿ ಸಂಘದ ಬ್ಯಾನರಿನ ಎರಡು ಕೋಲುಗಳಲ್ಲಿ ಒಂದನ್ನು ಹಿಡಿಯುವುದು ಅವನ ಪಾಲಿನ ಕೆಲಸ. ಗಿರಣಿ ಮುಚ್ಚಿತು. ಸಂಘದ ಬಾಡಿಗೆ ಕೋಣೆ ಖಾಲಿ ಮಾಡುವಾಗ ಬ್ಯಾನರು ನಮ್ಮ ಮನೆಗೆ ಬಂತು. ‘ಇರ್ಲಿ, ಮುಂದೆ ಬೇಕಾಗ್ತತಿ’ ಎಂದು ಅಪ್ಪ ಅದನ್ನು ಮಡಚಿ ಅಟ್ಟದ ಮೇಲಿಟ್ಟ. ಬೇಕಾಗಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಅಜ್ಜಿ ಅಟ್ಟ ಹತ್ತಿ ನೋಡಿದರೆ ಇಲಿ ಒಂದು ಮೂಲೆ ಕಡಿದಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಒಗೆದಳು, ಒಣಗಿಸಿದಳು, ಕತ್ತರಿಸಿದಳು. ಅಪ್ಪ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಚಳಿ ಬಂತು, ಅದನ್ನೇ ಹೊದ್ದು ಮಲಗಿದ.

ಅಜ್ಜಿ ಮಾಡಿದ್ದು ಉಳಿಸುವ ಕೆಲಸವೋ, ಕೆಡಿಸುವ ಕೆಲಸವೋ? ಈ ಪ್ರಶ್ನೆ ನನಗೆ ಹುಟ್ಟಿದ್ದು ಐವತ್ತು ದಾಟಿದ ಮೇಲೆ, ಅದೂ ಸಾವಿರಾರು ಮೈಲಿ ದೂರದ ಊರಲ್ಲಿ.

ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಮಗಳು ಓದಲೆಂದು ನಿಜವಾದ ಮ್ಯಾಂಚೆಸ್ಟರಿಗೇ ಹೋದಳು. ಅಲ್ಲಿನ ರಜಾಯಿ ಮೈಗೆ ಹತ್ತುತ್ತಿಲ್ಲ, ಬರುವಾಗ ಕೌದಿ ತಾ ಎಂದಳು. ತಗೊಂಡು ಹೋದೆ. ಹೋದ ಮೂರನೆಯ ದಿನ ಮಳೆ. ಮಳೆಯಲ್ಲಿ ಎಲ್ಲಿಗೆ ಹೋಗುವುದು ಎಂದು ಯೋಚಿಸಿ, ಇರ್ವೆಲ್ ನದಿಯ ದಂಡೆಯಲ್ಲಿರುವ ಪೀಪಲ್ಸ್ ಹಿಸ್ಟರಿ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಒಂದು ಕಾಲಕ್ಕೆ ಊರಿನ ಯಂತ್ರಗಳಿಗೆ ನೀರಿನ ಒತ್ತಡ ಒದಗಿಸುತ್ತಿದ್ದ ಪಂಪ್‌ಹೌಸು ಅದು. ಈಗ ಅದರೊಳಗೆ ದುಡಿಯುವ ಜನರ ಇತಿಹಾಸವಿದೆ. ಕಾರ್ಮಿಕ ಸಂಘಗಳ, ರಾಜಕೀಯ ಚಳವಳಿಗಳ 400ಕ್ಕೂ ಹೆಚ್ಚು ಬ್ಯಾನರುಗಳು ಅವರ ಬಳಿ ಇವೆ. ಜಗತ್ತಿನಲ್ಲಿ ಇಂಥ ಅತಿ ದೊಡ್ಡ ಸಂಗ್ರಹಗಳಲ್ಲಿ ಇದೂ ಒಂದು.

ಬ್ಯಾನರ್ ಎಂದರೆ ನಮಗೀಗ ಕಣ್ಣಮುಂದೆ ಬರುವುದು ಫ್ಲೆಕ್ಸು. ಇವು ಹಾಗಲ್ಲ. ಮನೆಯ ಗೋಡೆಯಷ್ಟು ದೊಡ್ಡ ರೇಷ್ಮೆ ಬಟ್ಟೆ, ಅದರ ಎರಡೂ ಬದಿಗೆ ಎಣ್ಣೆಬಣ್ಣದ ಚಿತ್ರ, ಸುತ್ತ ಜರಿಯಂಥ ಅಂಚು, ಕುಚ್ಚು. ಗಾಳಿ ಜೋರಾದ ದಿನ ಕೋಲು ಹಿಡಿದವರ ಜೊತೆಗೆ, ಮುಂದೆ ಹಿಂದೆ ಹಗ್ಗ ಹಿಡಿದು ಎಳೆಯುವವರೂ ಬೇಕು. ಬ್ರಿಟನ್ನಿನ ಸಂಘಗಳಿಗೆ ಇಂಥವನ್ನು ಹೆಚ್ಚಾಗಿ ಮಾಡಿಕೊಟ್ಟದ್ದು ಜಾರ್ಜ್ ಟುಟಿಲ್ ಎಂಬಾತ 1837ರಲ್ಲಿ ಶುರುಮಾಡಿದ ಕಂಪನಿ. ರೇಷ್ಮೆಗೆ ರಬ್ಬರಿನ ಲೇಪ ಕೊಟ್ಟು ಅದರ ಮೇಲೆ ಬಣ್ಣ ಬಳಿಯುವ ವಿಧಾನಕ್ಕೆ ಆತ 1861ರಲ್ಲಿ ಪೇಟೆಂಟ್ ಪಡೆದ. ಮಳೆಗೆ ಬಣ್ಣ ಕೆಡಬಾರದು, ಸುತ್ತಿದಾಗ ಬಿರಿಯಬಾರದು ಎಂಬುದು ಆತನ ಉದ್ದೇಶ. ಅಂದರೆ ಮಾಡಿದವನ ಮನಸ್ಸಿನಲ್ಲೇ ಮಳೆ ಇತ್ತು, ಗಾಳಿ ಇತ್ತು, ಬೀದಿ ಇತ್ತು. ಮ್ಯೂಸಿಯಮ್ ಇರಲಿಲ್ಲ.

ಅಲ್ಲಿ ಒಂದು ಗಾಜಿನ ಕಿಟಕಿಯಿದೆ. ಅದರಾಚೆಗೆ ಬಟ್ಟೆಗಳನ್ನು ಸಂರಕ್ಷಿಸುವವರು ಕೆಲಸ ಮಾಡುವುದನ್ನು ನೋಡಬಹುದು. ಆವತ್ತು ಒಬ್ಬಾಕೆ ದೊಡ್ಡ ಮೇಜಿನ ಮೇಲೆ ಬಾಗಿ, ಬಟ್ಟೆಯ ಮೇಲೆ ತೆಳುವಾದ ಬಲೆ ಹಾಸಿ, ತೀರ ಮೆಲ್ಲಗೆ ಉಸಿರೆಳೆಯುವಂಥ ಪುಟ್ಟ ಯಂತ್ರದಿಂದ ದೂಳು ತೆಗೆಯುತ್ತಿದ್ದಳು. ನಾವು ನಿಂತಿದ್ದ ಅರ್ಧ ಗಂಟೆಯಲ್ಲಿ ಆಕೆಯ ಕೈ ಒಂದು ಗೇಣು ಜರುಗಿತೋ ಇಲ್ಲವೋ. ಮಗಳು ಮೆಲ್ಲಗೆ, ‘ಅಮ್ಮ, ಮುತ್ತಜ್ಜಿ ಇದನ್ನ ಒಂದೇ ದಿನದಲ್ಲಿ ಮುಗಿಸಿಬಿಟ್ಟಿದ್ಲಲ್ಲ’ ಎಂದಳು. ನಗು ಬಂತು. ಜೊತೆಗೇ ಒಳಗೆಲ್ಲೋ ಚುಚ್ಚಿತು.

ಇಷ್ಟು ನಿಧಾನ ಏಕೆಂದರೆ ಬಟ್ಟೆ ಸಾಯುವ ದಾರಿಗಳು ಅಷ್ಟಿವೆ. ರಾಮನಗರ, ಶಿಡ್ಲಘಟ್ಟದ ಕಡೆ ನೂಲು ಬಿಚ್ಚುವುದನ್ನು ಕಂಡವರಿಗೆ ಗೊತ್ತು, ರೇಷ್ಮೆ ಎಳೆಯ ಮೇಲೆ ಅಂಟಿರುತ್ತದೆ. ಅದನ್ನು ಕುದಿಸಿ ತೆಗೆದರೆ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ. ಇಳಿದ ತೂಕ ತುಂಬಿಸಲು ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ತವರದಂಥ ಲೋಹಗಳ ಲವಣದಲ್ಲಿ ರೇಷ್ಮೆಯನ್ನು ಅದ್ದುತ್ತಿದ್ದರು. ಬಟ್ಟೆ ಭಾರವಾಗಿ, ಜೋರಾಗಿ ಕಾಣುತ್ತಿತ್ತು. ಅದೇ ಲವಣ ಮುಂದೆ ಎಳೆಗಳನ್ನು ಒಳಗಿನಿಂದ ತಿಂದು, ಮುಟ್ಟಿದರೆ ಉದುರುವಂತೆ ಮಾಡಿತು. ಬಣ್ಣದ ಕಾಟ ಇನ್ನೊಂದು. ಒಣಗಿದ ಎಣ್ಣೆಬಣ್ಣ ಬಿರುಸು, ರೇಷ್ಮೆ ಮೃದು. ಎರಡೂ ಸೇರುವ ಗೆರೆಯಲ್ಲೇ ಬಟ್ಟೆ ಹರಿಯುತ್ತದೆ. ಗಾಳಿಯ ತೇವ ಏರಿಳಿದಂತೆಲ್ಲ ಎಳೆ ಹಿಗ್ಗಿ ಕುಗ್ಗುತ್ತದೆ. ನುಸಿಯ ಮರಿಗಳಿಗೆ ಉಣ್ಣೆಯೂ ರೇಷ್ಮೆಯೂ ಊಟ. ಮಡಚಿಟ್ಟರೆ ಮಡಿಕೆಯ ಗೆರೆಯೇ ಬಿರುಕು.

ಹಾಗಾಗಿ ಮಡಚುವುದಿಲ್ಲ, ಸುತ್ತುತ್ತಾರೆ. ಅಗಲವಾದ ಕೊಳವೆಗೆ ಆಮ್ಲವಿಲ್ಲದ ತೆಳು ಕಾಗದ ಹೊದಿಸಿ, ಬಣ್ಣದ ಮುಖ ಹೊರಗೆ ಬರುವಂತೆ, ಪದರ ಪದರಕ್ಕೂ ಅಂಥದೇ ಕಾಗದವಿಟ್ಟು ಬಿಗಿ ಮಾಡದೆ ಸುತ್ತುತ್ತಾರೆ. ಮೇಲೆ ಒಗೆದ ಹತ್ತಿಬಟ್ಟೆಯ ಹೊದಿಕೆ. ಕೊಳವೆಯ ಎರಡು ತುದಿಗೆ ಆಸರೆ ಕೊಟ್ಟು ತೂಗುಹಾಕುತ್ತಾರೆ, ಬಟ್ಟೆಯ ಭಾರ ಬಟ್ಟೆಯ ಮೇಲೆ ಬೀಳದಂತೆ. ಕೋಣೆಯಲ್ಲಿ ತಂಪು ಮತ್ತು ತೇವ ವರ್ಷವಿಡೀ ಒಂದೇ ಹದದಲ್ಲಿರಬೇಕು. ಹುಳುವಿನ ಅನುಮಾನ ಬಂದರೆ ನಮ್ಮ ಡಾಂಬರು ಗುಳಿಗೆ ಅಲ್ಲಿ ನಡೆಯದು. ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಸೊನ್ನೆಗಿಂತ ಬಹಳ ಕೆಳಗಿನ ಶೀತದಲ್ಲಿ ಹಲವು ದಿನ ಇಟ್ಟು ಹುಳು, ಮೊಟ್ಟೆ ಎರಡನ್ನೂ ಕೊಲ್ಲುತ್ತಾರೆ. ಹರಿದ ಕಡೆ ಕೂದಲಿನಂಥ ಸೂಜಿಯಿಂದ ಆಸರೆಯ ಬಟ್ಟೆಗೆ ಹೊಲಿಗೆ. ನಾಳೆ ಇನ್ನೊಬ್ಬರು ಬಂದು ಬಿಚ್ಚಬೇಕೆನಿಸಿದರೆ ಬಿಚ್ಚಲು ಬರುವಂತಿರಬೇಕು ಎಂಬುದು ಅವರ ನೇಮ. ತಾವು ಮಾಡಿದ್ದೇ ಕೊನೆಯ ಮಾತಲ್ಲ ಎಂದು ಒಪ್ಪಿಕೊಂಡು ಕೆಲಸ ಮಾಡುವವರು ಕಡಿಮೆ. ಆ ವಿನಯ ನನಗೆ ಹಿಡಿಸಿತು.

ಇವೆಲ್ಲಕ್ಕಿಂತ ದೊಡ್ಡ ಶತ್ರು ಬೆಳಕು. ಹಳೆಯ ರೇಷ್ಮೆಯ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಎಂಬುದು ಎಲ್ಲೆಡೆ ಪಾಲಿಸುವ ಲೆಕ್ಕ. ಓದುವ ಮೇಜಿಗೆ ನಾವು ಹಾಕಿಕೊಳ್ಳುವ ಬೆಳಕು ಅದರ ಆರೇಳು ಪಟ್ಟು ಇರುತ್ತದೆ. ತೇವದ ಕಾಟಕ್ಕೆ ಉಪಾಯವಿದೆ, ಹುಳುವಿಗೆ ಮದ್ದಿದೆ, ಬೆಳಕು ತಿಂದದ್ದಕ್ಕೆ ಪರಿಹಾರವಿಲ್ಲ. ಕಡಿಮೆ ಬೆಳಕು ಕಡಿಮೆ ತಿನ್ನುತ್ತದೆ ಅಷ್ಟೆ. ಇವತ್ತು ಒಂದು ಗಂಟೆ, ನಾಳೆ ಒಂದು ಗಂಟೆ, ಎಲ್ಲವೂ ಕೂಡುತ್ತಲೇ ಹೋಗುತ್ತದೆ. ಹೀಗೆ ನೋಡಿದರೆ ಪ್ರತಿಯೊಂದು ಬಟ್ಟೆಯ ಹೆಸರಲ್ಲೂ ಇಂತಿಷ್ಟು ಬೆಳಕು ಎಂಬ ಒಂದು ಗಂಟಿದೆ. ನಾವು ನೋಡಿದಾಗಲೆಲ್ಲ ಅದರಿಂದ ಸ್ವಲ್ಪ ಖರ್ಚು. ಮತ್ತೆ ಜಮೆ ಆಗುವುದಿಲ್ಲ. ಈ ಕಾರಣಕ್ಕೇ ಆ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟ ಬ್ಯಾನರುಗಳನ್ನು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಒಂದಷ್ಟು ಹೊರಗೆ, ಉಳಿದವು ಕತ್ತಲಲ್ಲಿ.

ಮಳೆ ನಿಲ್ಲದೆ ಅಲ್ಲೇ ಕೂತಿದ್ದಾಗ ತಲೆ ಕೊರೆಯತೊಡಗಿದ್ದು ಈ ಲೆಕ್ಕ. ಆ ಗಂಟು ಯಾರದು? ನನ್ನ ಅರ್ಧ ಗಂಟೆಯ ಕುತೂಹಲಕ್ಕೆ ಖರ್ಚಾದ ಬೆಳಕು ಇನ್ನೂ ಹುಟ್ಟದ ಯಾರ ಪಾಲಿನದು? ಅವರ ಪಾಲು ಉಳಿಸಬೇಕೆಂದು ಪೂರ್ತಿ ಕತ್ತಲಲ್ಲಿಟ್ಟರೆ, ಅವರೂ ತಮ್ಮ ಮುಂದಿನವರಿಗೆಂದು ಕತ್ತಲಲ್ಲಿಡುತ್ತಾರೆ. ಹೀಗೆ ಯಾರೂ ನೋಡದೆ ಎಲ್ಲರಿಗಾಗಿ ಉಳಿದ ವಸ್ತುವಿಗೂ ಇಲ್ಲದ ವಸ್ತುವಿಗೂ ಏನು ವ್ಯತ್ಯಾಸ?

ಇನ್ನೊಂದು ಪಾಲುದಾರರೂ ಇದ್ದಾರೆ, ಸತ್ತವರು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡಿನಲ್ಲಿ, ಮತದಾನದ ಹಕ್ಕು ಬೇಕೆಂದು ಸುಮಾರು 60,000 ಜನ ಸೇರಿದ್ದರು. ಕುದುರೆ ಪಡೆ ಅವರ ಮೇಲೆ ನುಗ್ಗಿತು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ಪೀಟರ್‌ಲೂ ಎಂದು ಹೆಸರಾದ ಆ ದಿನ ಸವಾರರ ಕಣ್ಣು ವಿಶೇಷವಾಗಿ ಬ್ಯಾನರುಗಳ ಮೇಲಿತ್ತು. ಮಿಡಲ್ಟನ್ ಊರಿನಿಂದ ಬಂದ ತಂಡದ ಹಸಿರು ರೇಷ್ಮೆಯ ಬ್ಯಾನರ್ ಹಿಡಿದಿದ್ದವನು ಥಾಮಸ್ ರೆಡ್‌ಫರ್ಡ್, ಟೋಪಿ ಮಾಡುವ ಕೆಲಸದವನು. ಕೋಲನ್ನು ಕತ್ತಿಯಿಂದ ಕಡಿಯುವವರೆಗೂ ಅವನು ಬಿಡಲಿಲ್ಲ, ಹೆಗಲಿಗೆ ಏಟು ಬಿತ್ತು ಎಂದು ಆ ತಂಡದ ಮುಂದಾಳು ಸ್ಯಾಮುಯೆಲ್ ಬ್ಯಾಮ್‌ಫರ್ಡ್ ಬರೆದಿದ್ದಾನೆ. 1822ರಲ್ಲಿ ರೆಡ್‌ಫರ್ಡ್ ಆ ಪಡೆಯವರ ಮೇಲೆ ದಾವೆ ಹೂಡಿ ಸೋತ. ಆ ದಿನದ ಬ್ಯಾನರುಗಳಲ್ಲಿ ಇವತ್ತಿಗೆ ಉಳಿದಿರುವುದು ಆ ಹಸಿರು ಬಟ್ಟೆಯೊಂದೇ. ಒಂದು ಬದಿಯಲ್ಲಿ ಒಗ್ಗಟ್ಟು ಮತ್ತು ಬಲದ ಮಾತು, ಇನ್ನೊಂದು ಬದಿಯಲ್ಲಿ ಸ್ವಾತಂತ್ರ್ಯ ಮತ್ತು ಸೋದರತ್ವದ್ದು. 2019ರಲ್ಲಿ, ಇನ್ನೂರನೆಯ ವರ್ಷಕ್ಕೆ, ಅದನ್ನು ಸರಿಪಡಿಸಿ ಇದೇ ಮ್ಯೂಸಿಯಮ್ಮಿನಲ್ಲಿ ಜನರಿಗೆ ತೋರಿಸಿದರು.

ಹೆಗಲಿಗೆ ಏಟು ತಿಂದವನು ಆ ಬಟ್ಟೆಯನ್ನು ಯಾರಿಗಾಗಿ ಹಿಡಿದಿದ್ದ? ಇನ್ನೂರು ವರ್ಷದ ನಂತರ ಗಾಜಿನಾಚೆ ನಿಲ್ಲುವ ನನ್ನಂಥವಳಿಗಾಗಿ ಅಂತೂ ಅಲ್ಲ. ಅವತ್ತು ಅವನ ಹಿಂದೆ ನಡೆಯುತ್ತಿದ್ದ ತನ್ನ ಊರಿನವರಿಗಾಗಿ. ಬ್ಯಾನರು ಬಿದ್ದರೆ ಅವರಿಗೆ ತಮ್ಮವರು ಎಲ್ಲಿದ್ದಾರೆಂದೇ ತಿಳಿಯದು. ಮಹಿಳೆಯರ ಮತದಾನದ ಚಳವಳಿಗೆ ಬ್ಯಾನರುಗಳನ್ನು ರೂಪಿಸಿದ ಕಲಾವಿದೆ ಮೇರಿ ಲೌಂಡ್ಸ್ 1909ರಲ್ಲಿ ಬ್ಯಾನರ್ ತಯಾರಿಕೆಯ ಬಗ್ಗೆಯೇ ಒಂದು ಲೇಖನ ಬರೆದಳು. ಬ್ಯಾನರಿಗೆ ಗಾಳಿಯೇ ಜೀವ ಎಂಬುದು ಅದರ ತಿರುಳು. ಹಾಗಾದರೆ ಗಾಳಿಯಾಡದ, ಬೆಳಕು ಬೀಳದ ಕೋಣೆಯಲ್ಲಿ ಕೊಳವೆಗೆ ಸುತ್ತಿಟ್ಟದ್ದನ್ನು ಬ್ಯಾನರ್ ಎನ್ನಬಹುದೇ? ಅದು ಬ್ಯಾನರಿನ ದೇಹವಲ್ಲವೇ?

ಈ ವಾದ ನನ್ನ ಮನಸ್ಸಿಗೆ ಹತ್ತಿರದ್ದು, ಏಕೆಂದರೆ ಇದರಲ್ಲಿ ನನ್ನ ಅಜ್ಜಿ ಗೆಲ್ಲುತ್ತಾಳೆ. ನಮ್ಮ ಕಡೆಯ ರೂಢಿಯೂ ಇದಕ್ಕೆ ಒತ್ತಾಸೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ. ಕೂಗಿ ಕೊಂಡವರದು ಅದು. ಮುಂದಿನ ವರ್ಷ ಮತ್ತೆ ಬಾವುಟ, ಮತ್ತೆ ಹರಾಜು. ಹಳೆಯ ಬಾವುಟ ಎಲ್ಲಿ ಎಂದು ಯಾರೂ ಕೊರಗುವುದಿಲ್ಲ. ಉಳಿಯಬೇಕಾದ್ದು ಬಟ್ಟೆಯಲ್ಲ, ಜಾತ್ರೆ.

ಆದರೆ ಜಾತ್ರೆಯೇ ನಿಂತುಹೋದರೆ? ಅಪ್ಪನ ಬ್ಯಾನರಿಗೆ ಆದದ್ದು ಅದು. ಗಿರಣಿ ಇಲ್ಲ, ಸಂಘ ಇಲ್ಲ, ಮುಂದಿನ ವರ್ಷದ ಬ್ಯಾನರಿಲ್ಲ. ಆಗ ಆ ಹಳೆಯ ಬಟ್ಟೆ ಒಂದೇ ಉಳಿದ ಸಾಕ್ಷಿಯಾಗುತ್ತದೆ. ಅದನ್ನು ಕತ್ತರಿಸಿದರೆ ಕಳೆದುಹೋಗುವುದು ಬಟ್ಟೆಯಷ್ಟೇ ಅಲ್ಲ.

ಇದಕ್ಕೊಂದು ಉತ್ತರ ಇಂಗ್ಲೆಂಡಿನ ಡರಮ್ ಜಿಲ್ಲೆಯ ಕಲ್ಲಿದ್ದಲು ಗಣಿಯವರಲ್ಲಿದೆ. 1871ರಿಂದ ಅವರ ದೊಡ್ಡ ಸಭೆ ನಡೆಯುತ್ತ ಬಂದಿದೆ. ಜುಲೈ ತಿಂಗಳ ಒಂದು ಶನಿವಾರ ಊರೂರಿನ ಬ್ಯಾನರುಗಳು ಬ್ಯಾಂಡಿನ ಹಿಂದೆ ಡರಮ್ ಪಟ್ಟಣಕ್ಕೆ ಬರುತ್ತವೆ. ಆ ವರ್ಷ ಯಾವ ಗಣಿಯಲ್ಲಾದರೂ ಸಾವಾಗಿದ್ದರೆ ಅದರ ಬ್ಯಾನರಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದರು. ಅಲ್ಲಿನ ಕೊನೆಯ ಆಳದ ಗಣಿ 1993ರಲ್ಲಿ ಮುಚ್ಚಿತು. ಮೆರವಣಿಗೆ ನಿಲ್ಲಲಿಲ್ಲ. ಗಣಿಯೇ ಇಲ್ಲದ ಊರುಗಳು ಹಣ ಕೂಡಿಸಿ, ತಮ್ಮ ಜೀರ್ಣವಾದ ಬ್ಯಾನರಿನ ಮಾದರಿಯಲ್ಲೇ ಹೊಸದನ್ನು ಮಾಡಿಸಿದವು. ಹಳೆಯದಕ್ಕೆ ವಿಶ್ರಾಂತಿ, ಹೊಸದಕ್ಕೆ ಬೀದಿ. ಗಣಿಯನ್ನೇ ಕಾಣದ ಮಕ್ಕಳು ಮುತ್ತಾತಂದಿರ ಊರಿನ ಹೆಸರಿನ ಕೆಳಗೆ ನಡೆಯುತ್ತಾರೆ.

ಇವೆರಡರಲ್ಲಿ ನಿಜವಾದ ಬ್ಯಾನರು ಯಾವುದು ಎಂದು ಕೇಳುವುದು ಸುಲಭ. ನನಗನಿಸುವುದು, ಒಂದೇ ಬಟ್ಟೆ ಹೊತ್ತಿದ್ದ ಎರಡು ಕೆಲಸಗಳನ್ನು ಅವರು ಬೇರೆ ಮಾಡಿದರು. ಹಳೆಯ ಬಟ್ಟೆ ಸಾಕ್ಷಿ: ಇಂಥವರು ಇದ್ದರು, ಹೀಗೆ ನಡೆದರು, ಇಲ್ಲಿ ಹರಿಯಿತು, ಇಲ್ಲಿ ತೇಪೆ ಹಾಕಿದರು. ಹೊಸ ಬಟ್ಟೆ ಕೊಟ್ಟ ಮಾತು: ನಾವಿನ್ನೂ ನಡೆಯುತ್ತೇವೆ. ಸಾಕ್ಷಿಯನ್ನು ಮತ್ತೆ ಹೊಲಿಯಲು ಬರುವುದಿಲ್ಲ, ಹಾಗಾಗಿ ಅದಕ್ಕೆ ಕತ್ತಲು ಬೇಕು. ಮಾತನ್ನು ಸುತ್ತಿಡಲು ಬರುವುದಿಲ್ಲ, ಅದಕ್ಕೆ ಗಾಳಿ ಬೇಕು. ನಡೆಯುವವರು ಇಲ್ಲದೆ ಬರೀ ಸಾಕ್ಷಿ ಉಳಿಸಿಕೊಂಡ ಊರು ಸಂಗ್ರಹಾಲಯವಾಗುತ್ತದೆ. ಸಾಕ್ಷಿಯನ್ನು ಸುಟ್ಟು ಬರೀ ಮಾತಾಡುವ ಊರಿನಲ್ಲಿ ಹಿಂದೆ ಏನು ನಡೆಯಿತೆಂದು ಯಾರು ಏನು ಬೇಕಾದರೂ ಹೇಳಬಹುದು.

ಬೆಳಕಿನ ಗಂಟಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆಯೆಂದು ತೋರುತ್ತದೆ. ಸಾಕ್ಷಿಯನ್ನು ಉಳಿಸುವುದು ಉಳಿಸುವುದಕ್ಕಾಗಿ ಅಲ್ಲ, ಬೇಕಾದಾಗ ಹೇಳಿಕೆ ಪಡೆಯಲು. ಪೀಟರ್‌ಲೂವನ್ನು ನೆನೆಯುವ ವರ್ಷ ಹಸಿರು ಬಟ್ಟೆಯ ಮೇಲೆ ಬೆಳಕು ಬಿದ್ದರೆ ಅದು ದುಂದಲ್ಲ. ನಾನು ಹೊತ್ತು ಕಳೆಯಲು ನೋಡಿದ ಅರ್ಧ ಗಂಟೆ? ಆ ಸಾಲವನ್ನು ತೀರಿಸುವ ಒಂದೇ ದಾರಿ, ನೋಡಿದ್ದನ್ನು ನಾಲ್ಕು ಜನಕ್ಕೆ ಹೇಳುವುದು.

ಇಷ್ಟಾದರೂ ಅಜ್ಜಿಯ ಮೇಲೆ ತೀರ್ಪು ಕೊಡಲು ನನಗೆ ಆಗುತ್ತಿಲ್ಲ. ಉಳಿಯುವುದರಲ್ಲೂ ಮೇಲುಕೀಳಿದೆ. ಟುಟಿಲ್ ಕಂಪನಿಗೆ ದುಡ್ಡು ಕೊಡಬಲ್ಲ ಸಂಘಗಳ ರೇಷ್ಮೆ ಉಳಿಯಿತು. ಹಾಸಿಗೆಯ ಮೇಲುಹಾಸಿನ ಮೇಲೆ ಸುಣ್ಣದಲ್ಲಿ ಬರೆದು ಹೊರಟ ಬಡವರ ಬ್ಯಾನರು ಮಾರನೆಯ ದಿನ ಮತ್ತೆ ಹಾಸಿಗೆಗೇ ಹೋಗಿರಬೇಕು. ಎಷ್ಟೋ ಸಲ ಉಳಿಯುವುದು ಬರೀ ಅದೃಷ್ಟ. 1908ರಲ್ಲಿ ಮ್ಯಾಂಚೆಸ್ಟರಿನ ಸ್ಟೀವನ್ಸನ್ ಚೌಕದಲ್ಲಿ ಮತದ ಹಕ್ಕು ಕೇಳಿದ ಹೆಂಗಸರು ಬಿಚ್ಚಿ ತೋರಿಸಿದ ಬ್ಯಾನರು ಲೀಡ್ಸ್ ಊರಿನಲ್ಲಿ, ಜನ ಬೇಡವೆಂದು ಕೊಟ್ಟ ಸಾಮಾನುಗಳನ್ನು ಮಾರುವ ಅಂಗಡಿಗೆ ಹೋಗಿ ಸೇರಿತ್ತು. 2017ರಲ್ಲಿ ಮ್ಯೂಸಿಯಮ್ ಜನರಿಂದ ಚಂದಾ ಎತ್ತಿ ಅದನ್ನು ಕೊಂಡಿತು. ಯಾರಾದರೂ ಅದನ್ನು ಕತ್ತರಿಸಿ ದಿಂಬಿಗೆ ಹೊಲಿದಿದ್ದರೆ? ಹೊಲಿಯದೆ ಇದ್ದದ್ದು ಪುಣ್ಯ, ಅಷ್ಟೆ.

ಅಜ್ಜಿಯ ಮನೆಯಲ್ಲಿ ಒಣಗಿದ ಕೋಣೆ ಇರಲಿಲ್ಲ. ಅಟ್ಟ ಸೋರುತ್ತಿತ್ತು, ಸಂಬಳ ನಿಂತಿತ್ತು, ಐದು ಜನಕ್ಕೆ ಮೂರು ಹೊದಿಕೆ. ಹಾಗಿರುವಾಗ ಹತ್ತು ಗಜ ಗಟ್ಟಿ ಬಟ್ಟೆಯನ್ನು ಇಲಿಗೆ ಬಿಡುವುದು ಅವಳ ಧರ್ಮದಲ್ಲಿ ಪಾಪ. ಚಳಿಯಲ್ಲಿರುವವರ ಕೈಯಿಂದ ಬಟ್ಟೆ ತೆಗೆದು ಚರಿತ್ರೆಗೆ ಕೊಡು ಎನ್ನುವ ಹಕ್ಕು ಯಾರಿಗೂ ಇಲ್ಲ. ತಪ್ಪು ಅವಳದಲ್ಲ. ಆ ಬಟ್ಟೆಗೆ ಒಂದು ಕಪಾಟು, ಒಂದು ಕೊಳವೆ ಇಡಲು ಊರಿನಲ್ಲಿ ಯಾರಿಗೂ ತೋಚಲಿಲ್ಲವಲ್ಲ, ನಷ್ಟ ಅಲ್ಲಿಯದು. ಅದರಲ್ಲಿ ಮುಂದೆ ಓದು ಕಲಿತು ನೌಕರಿ ಹಿಡಿದ ನಾನೂ ಸೇರಿದ್ದೇನೆ. ಸಂಘದ ಹೆಸರು ಪೂರ್ತಿ ಏನಿತ್ತು, ಯಾವ ವರ್ಷ ಬರೆಸಿದ್ದು ಎಂದು ಅಪ್ಪನನ್ನು ಕೇಳಬಹುದಿತ್ತು. ಅವನು ಇರುವಾಗ ಕೇಳಲಿಲ್ಲ. ಈಗ ಆ ಸಾಕ್ಷಿಯ ಹೇಳಿಕೆ ‘ರ್ಮಿ’ ಎಂಬ ಒಂದೇ ಅಕ್ಷರ.

ಇವತ್ತಿನ ಮೆರವಣಿಗೆಗಳಲ್ಲಿ ಬಟ್ಟೆ ಕಾಣುವುದು ಅಪರೂಪ. ಫ್ಲೆಕ್ಸು ಬಂದಿದೆ. ಅದು ಬೇಗ ಕೊಳೆಯುವುದೂ ಇಲ್ಲ, ಯಾರೂ ಅದನ್ನು ಉಳಿಸುವುದೂ ಇಲ್ಲ. ಮಾರನೆಯ ವಾರ ಯಾವುದೋ ಗುಡಿಸಲಿನ ಮಾಡಿಗೆ, ಮೇವಿನ ಬಣವೆಗೆ ಹೊದಿಕೆಯಾಗುತ್ತದೆ. ನೂರು ವರ್ಷದ ನಂತರ ನಮ್ಮ ಕಾಲದ ಹೋರಾಟಗಳ ಬಗ್ಗೆ ಹೇಳಲು ಯಾವ ಬಟ್ಟೆ ಇರುತ್ತದೆ? ನಿಮ್ಮ ಮನೆಯ ಅಟ್ಟದಲ್ಲಿ, ಸಂಘದ ಬೀರುವಿನಲ್ಲಿ, ರೈತರದೋ ನೇಕಾರರದೋ ಬೀಡಿ ಕಟ್ಟುವವರದೋ ಒಂದು ಹಳೆಯ ಬಟ್ಟೆ ಬ್ಯಾನರು ಇದ್ದರೆ ಒಗೆಯಬೇಡಿ. ಅದರ ಮಣ್ಣೂ ಮಳೆಯ ಕಲೆಯೂ ಅದರ ಮಾತೇ. ಬಿಸಿಲಿಗೆ ಹಾಕಬೇಡಿ. ಮಡಚುವ ಬದಲು ಹಳೆಯ ಬಿಳಿ ಪಂಚೆ ಹಾಸಿ ಅಗಲವಾದ ಕೊಳವೆಗೆ ಸುತ್ತಿ, ನೆಲದ ತೇವ ತಾಗದ ಕಡೆ ಇಡಿ. ಯಾರು ಹಿಡಿದಿದ್ದರು, ಯಾವಾಗ ಹಿಡಿದಿದ್ದರು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಚೀಟಿ ಇಲ್ಲದ ಬಟ್ಟೆ ಅರ್ಧ ಸಾಕ್ಷಿ.

ಮ್ಯೂಸಿಯಮ್ಮಿನಿಂದ ಬಂದ ರಾತ್ರಿ ಮಗಳು ಕೌದಿಯನ್ನು ಮಂಚದ ಮೇಲೆ ಹರಡಿ, ‘ಇದನ್ನೂ ಸುತ್ತಿಡೋಣವಾ ಅಮ್ಮ?’ ಎಂದಳು. ತಮಾಷೆಗೆ ಕೇಳಲಿಲ್ಲ ಅವಳು. ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಬ್ಯಾನರು ಹೋಗಿ ಎಷ್ಟೋ ವರ್ಷವಾಗಿದೆ. ಈಗಿರುವುದು ಕೌದಿ, ಮತ್ತು ಕೌದಿಗೆ ಬೇಕಾದ್ದು ಮೈಯ ಬಿಸಿ. ಬೇಡ, ಹೊದ್ದುಕೋ ಎಂದೆ. ಮಷೀನಿಗೆ ಮಾತ್ರ ಹಾಕಬೇಡ, ದಿನಾ ಒಂದೇ ಗೆರೆಗೆ ಮಡಚಬೇಡ. ಆಮೇಲೆ ಒಂದು ಹಾಳೆ ತರಿಸಿ ತಾತನ ಹೆಸರು, ಗಿರಣಿಯ ಹೆಸರು, ಬ್ಯಾನರು ಅಟ್ಟಕ್ಕೆ ಹೋದದ್ದು, ಮುತ್ತಜ್ಜಿ ಕತ್ತರಿಸಿದ್ದು, ನೆನಪಿದ್ದಷ್ಟನ್ನು ಬರೆಸಿದೆ. ಅವಳು ಬರೆಯುತ್ತ ಬರೆಯುತ್ತ ‘ತಾತ ಯಾವ ಕಡೆ ಕೋಲು ಹಿಡೀತಿದ್ರು, ಎಡಕ್ಕಾ ಬಲಕ್ಕಾ?’ ಎಂದು ಕೇಳಿದಳು.

ಬಲಕ್ಕೆ ಎಂದೆ. ಅದೊಂದು ನನಗೆ ಚೆನ್ನಾಗಿ ನೆನಪಿದೆ. ಅವನ ಎಡಗೈಯಲ್ಲಿ ನಾನಿರುತ್ತಿದ್ದೆ.